ನಾಣ್ಯ ಒಂದು, ಬೊಕ್ಕಸ ಹಲವು: ಯುರೋಪಿನ ಒಕ್ಕೂಟಗಳಲ್ಲಿ ನಷ್ಟ ಹಂಚಿಕೆಯ ಪ್ರಶ್ನೆ

ನಾರ್ವೆ ಯುರೋಪಿನ ಏಕ ಮಾರುಕಟ್ಟೆಯ ಒಳಗಿದೆ, ಸುಂಕ ಒಕ್ಕೂಟದ ಹೊರಗಿದೆ. ಟರ್ಕಿಯದು ತಿರುಗುಮುರುಗು: 1995ರ ಕೊನೆಯ ದಿನದಿಂದ ಅದು ಸುಂಕ ಒಕ್ಕೂಟದಲ್ಲಿದೆ, ಆದರೆ ಸುಂಕದ ದರ ನಿಗದಿಮಾಡುವ ಸಭೆಯಲ್ಲಿ ಅದಕ್ಕೆ ಮತವಿಲ್ಲ. ಡೆನ್ಮಾರ್ಕ್ ಐರೋಪ್ಯ ಒಕ್ಕೂಟದ ಸದಸ್ಯ ರಾಷ್ಟ್ರವಾಗಿಯೂ ಯೂರೋ ಬೇಡವೆಂದಿದೆ. ಮಾಂಟೆನೆಗ್ರೊ ಸದಸ್ಯನಲ್ಲದಿದ್ದರೂ ಅಲ್ಲಿನ ಅಂಗಡಿಗಳಲ್ಲಿ ನಡೆಯುವುದು ಯೂರೋವೇ.

ಅರ್ಥಶಾಸ್ತ್ರಜ್ಞ ಬೇಲಾ ಬಲಾಸ್ಸಾ 1961ರಲ್ಲಿ ಮುಕ್ತ ವ್ಯಾಪಾರ ವಲಯ, ಸುಂಕ ಒಕ್ಕೂಟ, ಸಾಮಾನ್ಯ ಮಾರುಕಟ್ಟೆ, ಆರ್ಥಿಕ ಒಕ್ಕೂಟ, ಪೂರ್ಣ ಏಕೀಕರಣ ಎಂದು ಜೋಡಿಸಿದ ಹಂತಗಳನ್ನು ಅನೇಕರು ಏಣಿಯ ಮೆಟ್ಟಿಲುಗಳಂತೆ ಓದಿದ್ದಾರೆ. ಮೇಲಿನ ಉದಾಹರಣೆಗಳು ಆ ಏಣಿಗೆ ಒಗ್ಗುವುದಿಲ್ಲ. ಒಕ್ಕೂಟಗಳ ಗಟ್ಟಿತನವನ್ನು ಮೆಟ್ಟಿಲಿನ ಎತ್ತರದಿಂದ ಅಳೆಯುವುದಕ್ಕಿಂತ, ನಷ್ಟ ಬಂದಾಗ ತೆರುವವರು ಯಾರೆಂಬ ಒಡಂಬಡಿಕೆಯಿಂದ ಅಳೆಯಬೇಕು ಎಂಬುದು ಈ ಲೇಖನದ ವಾದ.

1. ಸುಂಕದಿಂದ ರಾಜ್ಯ ಹುಟ್ಟುವುದೇ?

1834ರ ಜನವರಿ 1ರಂದು ಜಾರಿಗೆ ಬಂದ ಜರ್ಮನ್ ಸುಂಕ ಒಕ್ಕೂಟ, ಅಂದರೆ ತ್ಸೋಲ್‌ಫೆರೈನ್, ಒಳಗಡಿಗಳ ಸುಂಕದ ಕಟ್ಟೆಗಳನ್ನು ತೆಗೆದು, ಹೊರಗಡಿಯ ಆದಾಯವನ್ನು ಜನಸಂಖ್ಯೆಗೆ ಅನುಸಾರ ಹಂಚಿತು. ಜರ್ಮನ್ ಏಕೀಕರಣಕ್ಕೆ ಇದೇ ಬೀಜವೆಂಬ ಮಾತು ಪ್ರಸಿದ್ಧ. ಆದರೆ 1866ರ ಯುದ್ಧದಲ್ಲಿ ಬವೇರಿಯಾ, ಸ್ಯಾಕ್ಸನಿ, ವುರ್ಟೆಂಬೆರ್ಗ್‌ಗಳು ಮೂರು ದಶಕಗಳಿಂದ ತಮ್ಮ ಸುಂಕದ ಪಾಲುದಾರನಾಗಿದ್ದ ಪ್ರಷ್ಯಾವನ್ನು ಬಿಟ್ಟು ಆಸ್ಟ್ರಿಯಾದ ಪರ ನಿಂತವು. ಕೂಡಿ ವ್ಯಾಪಾರ ಮಾಡಿದವರು ಕೂಡಿ ಆಳಲು ಒಪ್ಪಿದ್ದು ಯುದ್ಧದ ನಂತರವೇ. ಇನ್ನೊಂದೆಡೆ, ಸ್ವೀಡನ್ ಮತ್ತು ನಾರ್ವೆಗಳ ರಾಜಕೀಯ ಒಕ್ಕೂಟ 1905ರಲ್ಲಿ ಮುರಿದರೂ, ಡೆನ್ಮಾರ್ಕನ್ನೂ ಒಳಗೊಂಡಿದ್ದ ಸ್ಕ್ಯಾಂಡಿನೇವಿಯನ್ ನಾಣ್ಯ ಒಕ್ಕೂಟ ಮೊದಲ ಮಹಾಯುದ್ಧದವರೆಗೂ ಬಾಳಿತು.

2. ಲ್ಯಾಟಿನ್ ಒಕ್ಕೂಟದ ಐದು ಫ್ರಾಂಕ್

ಫ್ರಾನ್ಸ್, ಬೆಲ್ಜಿಯಂ, ಇಟಲಿ, ಸ್ವಿಟ್ಜರ್ಲೆಂಡ್‌ಗಳು 1865ರ ಡಿಸೆಂಬರಿನಲ್ಲಿ ಒಂದೇ ತೂಕ, ಒಂದೇ ಶುದ್ಧತೆಯ ನಾಣ್ಯಗಳಿಗೆ ಒಪ್ಪಿದವು; ಮುಂದೆ ಗ್ರೀಸ್ ಸೇರಿತು. ಒಬ್ಬರ ಟಂಕಸಾಲೆಯ ನಾಣ್ಯವನ್ನು ಇನ್ನೊಬ್ಬರ ಖಜಾನೆ ಸ್ವೀಕರಿಸಬೇಕಿತ್ತು. ಒಂದು ತೂಕ ಚಿನ್ನಕ್ಕೆ ಹದಿನೈದೂವರೆ ತೂಕ ಬೆಳ್ಳಿ ಎಂಬುದು ಅಧಿಕೃತ ಅನುಪಾತ. ಜರ್ಮನಿ 1871ರಿಂದ ಚಿನ್ನದ ನಾಣ್ಯಕ್ಕೆ ಹೊರಳಿತು, ಬೆಳ್ಳಿಯ ಬೆಲೆ ಇಳಿಯತೊಡಗಿತು. ಅಗ್ಗದ ಬೆಳ್ಳಿಯನ್ನು ಟಂಕಸಾಲೆಗೆ ಒಯ್ದು ಐದು ಫ್ರಾಂಕ್ ನಾಣ್ಯ ಮಾಡಿಸಿ, ಅದಕ್ಕೆ ಪ್ರತಿಯಾಗಿ ಚಿನ್ನ ಪಡೆಯುವುದು ಲಾಭದ ದಾರಿಯಾಯಿತು. 1874ರಲ್ಲಿ ಬೆಳ್ಳಿ ಟಂಕಣಕ್ಕೆ ಮಿತಿ ಹಾಕಲಾಯಿತು. 1878ರಲ್ಲಿ ಅದು ನಿಂತೇಹೋಯಿತು.

ಆಗಲೇ ಮೂಲ ಪ್ರಶ್ನೆ ಎದ್ದಿತು. ಬೆಲ್ಜಿಯಂ ಮುದ್ರೆಯ ನಾಣ್ಯಗಳು ಫ್ರಾನ್ಸಿನಲ್ಲಿ ರಾಶಿಬಿದ್ದಿದ್ದವು; ಒಕ್ಕೂಟ ಮುರಿದರೆ ಅವುಗಳ ಬೆಲೆ ಕಟ್ಟಿಕೊಡುವವರು ಯಾರು? ಟಂಕಿಸಿದ ದೇಶವೇ ಮರಳಿ ಕೊಳ್ಳಬೇಕೆಂಬ ಷರತ್ತು 1885ರಲ್ಲಿ ಬಂತು. ಬೆಲ್ಜಿಯಂ ಮೊದಲು ಸಹಿ ಹಾಕದೆ, ಅರ್ಧ ಹೊರೆಗೆ ರಿಯಾಯಿತಿ ಪಡೆದು ವರ್ಷಾಂತ್ಯಕ್ಕೆ ಒಳಬಂದಿತು. ಹೊರಹೋಗುವ ವೆಚ್ಚವನ್ನು ಬರೆದಿಟ್ಟ ಈ ಷರತ್ತೇ ಒಕ್ಕೂಟವನ್ನು ಹಿಡಿದು ನಿಲ್ಲಿಸಿತು ಎನ್ನಬಹುದು. ಅದು ವಿಧ್ಯುಕ್ತವಾಗಿ ಮುಗಿದದ್ದು 1927ರಲ್ಲಿ.

3. ಯೂರೋ: ಬರೆಯದೆ ಬಿಟ್ಟ ಕಲಂ

1992ರ ಮಾಸ್ಟ್ರಿಕ್ಟ್ ಒಪ್ಪಂದ ಬಡ್ಡಿದರವನ್ನು ಒಂದು ಕೇಂದ್ರೀಯ ಬ್ಯಾಂಕಿಗೆ ಒಪ್ಪಿಸಿ, ತೆರಿಗೆ ಮತ್ತು ವೆಚ್ಚವನ್ನು ಆಯಾ ದೇಶಗಳಿಗೇ ಬಿಟ್ಟಿತು. ಕೊರತೆ ಒಟ್ಟು ದೇಶೀಯ ಉತ್ಪನ್ನದ ಶೇ. 3, ಸಾಲ ಶೇ. 60 ಮೀರಬಾರದೆಂದು ವಿಧಿಸಿತು. ಒಬ್ಬರ ಸಾಲಕ್ಕೆ ಮತ್ತೊಬ್ಬರು ಹೊಣೆಯಲ್ಲವೆಂದೂ ಹೇಳಿತು. 1999ರಲ್ಲಿ 11 ದೇಶಗಳೊಂದಿಗೆ ಯೂರೋ ಆರಂಭವಾಯಿತು. 2003ರಲ್ಲಿ ಕೊರತೆಯ ಮಿತಿ ದಾಟಿದ್ದ ಜರ್ಮನಿ, ಫ್ರಾನ್ಸ್‌ಗಳ ಮೇಲಿನ ಕ್ರಮವನ್ನು ಹಣಕಾಸು ಸಚಿವರ ಸಭೆಯೇ ತಡೆಹಿಡಿದಾಗ ನಿಯಮದ ಬಿಗಿ ಸಡಿಲಿತು.

2009ರ ಕೊನೆಯಲ್ಲಿ ಗ್ರೀಸ್‌ನ ನಿಜವಾದ ಕೊರತೆ ಬಯಲಾದಾಗ, ತನ್ನದೇ ನಾಣ್ಯವಿಲ್ಲದ ಆ ದೇಶಕ್ಕೆ ಅಪಮೌಲ್ಯದ ದಾರಿ ಮುಚ್ಚಿತ್ತು. ಹೊರೆ ಸಂಬಳ, ಪಿಂಚಣಿ, ತೆರಿಗೆಗಳ ಮೇಲೆ ಬಿತ್ತು. 2010ರ ಮೇ ತಿಂಗಳ 110 ಶತಕೋಟಿ ಯೂರೋ ನೆರವಿನಲ್ಲಿ 80 ಶತಕೋಟಿ ಯೂರೋ ವಲಯದ ದೇಶಗಳಿಂದ, 30 ಶತಕೋಟಿ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಬರಬೇಕಿತ್ತು. ಹೊಣೆಯಲ್ಲವೆಂದವರೇ ಸಾಲಿಗರಾದರು. 2012ರಲ್ಲಿ 500 ಶತಕೋಟಿ ಸಾಲಶಕ್ತಿಯ ಶಾಶ್ವತ ನಿಧಿ ಹುಟ್ಟಿತು. ಅದರ ಬಂಡವಾಳದಲ್ಲಿ ಜರ್ಮನಿಯ ಪಾಲು ಸುಮಾರು ಶೇ. 27. ಅದೇ ವರ್ಷದ ಜುಲೈನಲ್ಲಿ, ಯೂರೋ ಉಳಿಸಲು ತನ್ನ ಅಧಿಕಾರದೊಳಗೆ ಬೇಕಾದುದನ್ನೆಲ್ಲ ಕೇಂದ್ರೀಯ ಬ್ಯಾಂಕ್ ಮಾಡುವುದೆಂದು ಅದರ ಆಗಿನ ಅಧ್ಯಕ್ಷ ಮಾರಿಯೊ ದ್ರಾಗಿ ಘೋಷಿಸಿದರು. ಆ ಮಾತಿನ ಹಿಂದೆ ನೋಟು ಮುದ್ರಿಸಬಲ್ಲ ಸಂಸ್ಥೆಯಿತ್ತು, ನಷ್ಟ ತುಂಬುವ ಬೊಕ್ಕಸವಿರಲಿಲ್ಲ.

4. ಸಮಾರೋಪ

ಲ್ಯಾಟಿನ್ ಒಕ್ಕೂಟ ನಷ್ಟದ ಷರತ್ತನ್ನು 20 ವರ್ಷ ತಡವಾಗಿ ಬರೆಯಿತು. ಯೂರೋ ವಲಯ ತನ್ನ ಪಾಲಿನದನ್ನು ಬಿಕ್ಕಟ್ಟಿನಿಂದ ಬಿಕ್ಕಟ್ಟಿಗೆ, ಕಂತುಗಳಲ್ಲಿ ಬರೆಯುತ್ತಿದೆ. 2020ರ ಕೊರೊನಾ ಕಾಲದಲ್ಲಿ 27 ದೇಶಗಳ ಐರೋಪ್ಯ ಒಕ್ಕೂಟವು 2018ರ ಬೆಲೆಗಳ ಲೆಕ್ಕದಲ್ಲಿ 750 ಶತಕೋಟಿ ಯೂರೋವರೆಗೆ ತನ್ನದೇ ಹೆಸರಿನಲ್ಲಿ ಸಾಲ ಎತ್ತಲು ಒಪ್ಪಿತು. ಅದರಲ್ಲಿ 390 ಶತಕೋಟಿ ಅನುದಾನ. ಸಾಲ ತೀರಬೇಕಾದ ಗಡುವು 2058. ಗಡುವಿನ ಬಗ್ಗೆ ಬೇಗ ಒಮ್ಮತ ಮೂಡಿತು. ಅಸಲು ತೀರಿಸಲು ಯಾವ ಹೊಸ ತೆರಿಗೆ, ಯಾರ ಮೇಲೆ ಎಂಬ ವಾದ ಆಮೇಲೂ ಎಳೆಯಿತು. 1885ರಲ್ಲಿ ಬೆಲ್ಜಿಯಂ ಸಹಿ ಹಾಕದೆ ಎದ್ದುಹೋದದ್ದೂ ಇದೇ ಲೆಕ್ಕಕ್ಕಾಗಿ.