ಬಾಸ್ಟನ್ನಿನ ವಿದುಷಿಯರ ಕೂಟ

ಗುಲಾಮಗಿರಿ ಅಳಿದು ಮೂರು ದಶಕ ತುಂಬುತ್ತಿದ್ದ ಕಾಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಕಪ್ಪು ಜನಾಂಗದ ಸುಶಿಕ್ಷಿತ ಸ್ತ್ರೀಯರ ಒಂದು ಕೂಟ ತಲೆಯೆತ್ತಿತು. ವುಮನ್ಸ್ ಎರಾ ಕ್ಲಬ್ ಎಂದು ಅದರ ಹೆಸರು. ಕಟ್ಟಿದಾಕೆ ಜೋಸೆಫೀನ್ ಸೇಂಟ್ ಪಿಯರ್ ರಫಿನ್. ಆಕೆಯ ಪತಿ ಜಾರ್ಜ್ ರಫಿನ್ 1869ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯಲ್ಲಿ ಪದವಿ ಪಡೆದ ಮೊದಲ ಕಪ್ಪು ವ್ಯಕ್ತಿ. 1886ರಲ್ಲಿ ಅವರು ತೀರಿಕೊಂಡ ಮೇಲೂ ಆಕೆ ಮೂಲೆ ಹಿಡಿದು ಕೂರಲಿಲ್ಲ. ಮಗಳು ಫ್ಲಾರಿಡಾ ರಿಡ್ಲಿ ಜೊತೆಗೂಡಿದಳು. ಮರಿಯಾ ಬಾಲ್ಡ್‌ವಿನ್ ಬಂದರು. ಕೇಂಬ್ರಿಜ್‌ನಲ್ಲಿ ಬಹುಪಾಲು ಬಿಳಿಯ ಮಕ್ಕಳೇ ಓದುತ್ತಿದ್ದ ಶಾಲೆಗೆ 1889ರಲ್ಲಿ ಮುಖ್ಯೋಪಾಧ್ಯಾಯಿನಿಯಾದವರು ಅವರು.

ಕೂಟದಲ್ಲಿ ಸಾಹಿತ್ಯದ ಓದು ನಡೆಯಿತು, ಪೌರನೀತಿಯ ಚರ್ಚೆ ನಡೆಯಿತು. 1894ರಲ್ಲಿ ಅದರದೇ ಪತ್ರಿಕೆಯೂ ಹೊರಟಿತು, ರಫಿನ್ ಸಂಪಾದಕಿ.

ಮರುವರ್ಷ ಮಿಸೌರಿಯ ಪತ್ರಕರ್ತರ ಸಂಘದ ಅಧ್ಯಕ್ಷ ಜೇಮ್ಸ್ ಜ್ಯಾಕ್ಸ್ ಇಂಗ್ಲೆಂಡಿಗೊಂದು ಪತ್ರ ಬರೆದ. ಕಪ್ಪು ಹೆಂಗಸರೆಲ್ಲ ಶೀಲಗೆಟ್ಟವರು, ಕಳ್ಳಿಯರು ಎಂಬುದು ಅದರ ಸಾರ. ಅದು ರಫಿನ್ ಕೈ ಸೇರಿತು. ಅಚ್ಚು ಹಾಕಿದ್ದರೆ ಪತ್ರಿಕೆ ಬಿಸಿಬಿಸಿಯಾಗಿ ಖರ್ಚಾಗುತ್ತಿತ್ತೇನೋ; ಆಕೆ ಹಾಕಲಿಲ್ಲ. ಊರೂರಿನ ಸ್ತ್ರೀಕೂಟಗಳಿಗೆ ಖಾಸಗಿಯಾಗಿ ಕಳಿಸಿ, ಬನ್ನಿ ಎಂದು ಕರೆಕೊಟ್ಟರು. 1895ರ ಜುಲೈ 29ರಂದು ಬಾಸ್ಟನ್ನಿನ ಬರ್ಕ್ಲಿ ಹಾಲ್‌ನಲ್ಲಿ ದೇಶದ ಕಪ್ಪು ಮಹಿಳೆಯರ ಮೊದಲ ರಾಷ್ಟ್ರೀಯ ಸಮ್ಮೇಳನ ನೆರೆಯಿತು. ಮುಂದಿನ ವರ್ಷವೇ ಕೂಟಗಳೆಲ್ಲ ಒಂದಾಗಿ ರಾಷ್ಟ್ರೀಯ ಒಕ್ಕೂಟವಾದವು. ಮೇರಿ ಚರ್ಚ್ ಟೆರೆಲ್ ಅದರ ಮೊದಲ ಅಧ್ಯಕ್ಷೆ.

ನಿಜವಾದ ಪರೀಕ್ಷೆ ಬಂದದ್ದು 1900ರಲ್ಲಿ. ಮಿಲ್ವಾಕೀ ನಗರದಲ್ಲಿ ದೇಶದ ಮಹಿಳಾ ಕ್ಲಬ್ಬುಗಳ ಮಹಾಒಕ್ಕೂಟದ ಅಧಿವೇಶನ. ರಫಿನ್ ಬಿಳಿಯರ ಕ್ಲಬ್ಬುಗಳಿಗೂ ಸದಸ್ಯೆ. ಆ ಹೆಸರಿನಲ್ಲಿ ಕೂರಬಹುದು, ನಿಮ್ಮ ಕಪ್ಪು ಸ್ತ್ರೀಯರ ಕೂಟದ ಹೆಸರಿನಲ್ಲಿ ಮಾತ್ರ ಆಗದು ಎಂದರು ಮಹಾಒಕ್ಕೂಟದವರು. ಎದೆಯ ಮೇಲಿನ ಬ್ಯಾಡ್ಜಿಗೇ ಕೈಹಾಕಿ ಕೀಳಲು ನೋಡಿದರಂತೆ. ರಫಿನ್ ಬ್ಯಾಡ್ಜ್ ಬಿಡಲಿಲ್ಲ, ಅರ್ಧ ಮರ್ಯಾದೆಯ ಆಸನವನ್ನೂ ಒಪ್ಪಲಿಲ್ಲ. ಆ ಸಭೆಯಲ್ಲಿ ಘನತೆ ಉಳಿಸಿಕೊಂಡವರು ಹೊರಗುಳಿದ ಆಕೆಯೇ ಎಂದು ನಾನು ಬಗೆಯುತ್ತೇನೆ.

ಮೂರು ವರ್ಷದಲ್ಲಿ ಕೂಟ ಮುಚ್ಚಿತು. ಆದರೆ ಅದೇ ತಾಯಿ ಮಗಳು 1918ರ ಸುಮಾರಿಗೆ ಬಾಸ್ಟನ್ನಿನಲ್ಲೇ ಮಹಿಳೆಯರ ಸೇವಾಸಂಘವೊಂದನ್ನು ಕಟ್ಟಲು ನೆರವಾದರು. ಬಾಲ್ಡ್‌ವಿನ್ ಅದರ ಮೊದಲ ಅಧ್ಯಕ್ಷೆ. ಮ್ಯಾಸಚೂಸೆಟ್ಸ್ ಅವೆನ್ಯೂನಲ್ಲಿದ್ದ ಅದರ ಮನೆಯಲ್ಲಿ 1950ರ ದಶಕದಲ್ಲಿ ತಂಗಿದ್ದ ಸಂಗೀತ ವಿದ್ಯಾರ್ಥಿನಿ ಕೊರೆಟ್ಟಾ ಸ್ಕಾಟ್, ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಅವರ ಕೈಹಿಡಿದರು.