ಹಳೇ ಅಂಬಾಸಡರ್‌ಗೆ ಯಾವ ಆಯಿಲ್? ಡಬ್ಬದ ಮೇಲಿನ ಅಕ್ಷರಗಳ ಹಿಂದಿನ ಕಥೆ

ಇವತ್ತು ಎಣ್ಣೆ ಬಗ್ಗೆ ಮಾತಾಡೋಣ. ನಗಬೇಡಿ, ನಾನು ಹೇಳ್ತಿರೋದು ಎಂಜಿನ್‌ಗೆ ಹಾಕೋ ಎಣ್ಣೆ.

ಊರಿನ ಮನೆಯ ಶೆಡ್‌ನಲ್ಲಿ ತಾತನ ಕಾಲದ ಅಂಬಾಸಡರ್ ಒಂದು ಧೂಳು ಹೊದ್ದುಕೊಂಡು ನಿಂತಿದೆ ಅಂದುಕೊಳ್ಳಿ. ನಿಮಗೆ ಅದನ್ನ ಮತ್ತೆ ರಸ್ತೆಗೆ ತರೋ ಆಸೆ. ಬ್ಯಾಟರಿ ಹೊಸದು ಹಾಕಿಸಿದ್ರಿ, ಟೈರ್ ಬದಲಾಯಿಸಿದ್ರಿ, ಆಯಿಲ್ ತರೋಕೆ ಅಂಗಡಿಗೆ ಹೋದ್ರಿ. ಅಂಗಡಿಯವರು ಅತಿ ದುಬಾರಿ ಡಬ್ಬ ಮುಂದಿಟ್ಟು, 'ಇದು ಫುಲ್ಲಿ ಸಿಂಥೆಟಿಕ್, 5ಡಬ್ಲ್ಯೂ-30, ಲೇಟೆಸ್ಟ್' ಅಂತಾರೆ. ಮೆಕ್ಯಾನಿಕ್‌ಗೆ ಫೋನ್ ಮಾಡಿದ್ರೆ, 'ಅದೆಲ್ಲ ಬೇಡ ಸಾರ್, 20-50 ತನ್ನಿ' ಅಂತಾರೆ. ಯಾರ ಮಾತು ಕೇಳಬೇಕು?

ಉತ್ತರ ಮೊದಲೇ ಹೇಳಿಬಿಡ್ತೀನಿ: ಮೆಕ್ಯಾನಿಕ್ ಮಾತು ಕೇಳಿ. ಆದ್ರೆ ಅವರು ಕೊಡೋ ಕಾರಣ ಸಾಮಾನ್ಯವಾಗಿ ಅರ್ಧ ಸರಿ. ಉಳಿದರ್ಧ ತಿಳಿಯೋಕೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲು ಆ ಬಾನೆಟ್ ಕೆಳಗೆ ಏನಿದೆ ನೋಡೋಣ. ಅಂಬಾಸಡರ್ ಹುಟ್ಟಿದ್ದು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನಿಂದ. ಅದರಲ್ಲಿ ದಶಕಗಟ್ಟಲೆ ಓಡಿದ್ದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನ 'ಬಿ ಸೀರೀಸ್' ವಂಶದ 1489 ಸಿಸಿ ಪೆಟ್ರೋಲ್ ಎಂಜಿನ್. (ನಿಮ್ಮದು ಡೀಸೆಲ್ ಆಗಿದ್ರೆ, ಅಥವಾ ಆಮೇಲೆ ಬಂದ ಇಸುಜು ಎಂಜಿನ್ ಆಗಿದ್ರೆ ಲೆಕ್ಕ ಬೇರೆ. ಮೊದಲು ಅದನ್ನ ಖಚಿತ ಮಾಡ್ಕೊಳ್ಳಿ.) ಈ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ ಇರೋದು ಮೇಲಲ್ಲ, ಬ್ಲಾಕ್ ಒಳಗೆ. ಕ್ಯಾಮ್‌ನ ಉಬ್ಬು ತಿರುಗಿದಾಗ ಟ್ಯಾಪೆಟ್ ಅನ್ನೋ ಚಿಕ್ಕ ಲೋಹದ ಬಟ್ಟಲನ್ನ ಮೇಲಕ್ಕೆ ತಳ್ಳುತ್ತೆ, ಅದು ಪುಶ್‌ರಾಡ್ ತಳ್ಳುತ್ತೆ, ಕೊನೆಗೆ ವಾಲ್ವ್ ತೆರೆಯುತ್ತೆ. ಉಬ್ಬು ಮತ್ತು ಟ್ಯಾಪೆಟ್ ನಡುವೆ ಉರುಳೋ ಚಕ್ರ ಇಲ್ಲ. ಲೋಹದ ಮೇಲೆ ಲೋಹ ಜಾರುತ್ತೆ, ಅಷ್ಟೇ.

ಬೇರಿಂಗ್‌ಗಳ ಕಥೆ ಸುಲಭ. ಪಂಪ್ ಒತ್ತಡದಲ್ಲಿ ಆಯಿಲ್ ಬರುತ್ತೆ, ಶಾಫ್ಟ್ ಅದರ ಮೇಲೆ ತೇಲುತ್ತೆ. ಕ್ಯಾಮ್ ಮತ್ತು ಟ್ಯಾಪೆಟ್ ಸೇರೋ ಜಾಗ ಹಾಗಲ್ಲ. ತಾಗೋ ಜಾಗ ಒಂದು ಗೆರೆಯಷ್ಟು, ಅದರ ಮೇಲೆ ಸ್ಪ್ರಿಂಗ್‌ನ ಪೂರ್ತಿ ಭಾರ. ಅಲ್ಲಿ ಆಯಿಲ್ ಪದರ ಹಿಂಡಿ ಹೋಗುತ್ತೆ. ನಾನೊಮ್ಮೆ ಗ್ಯಾರೇಜ್‌ನಲ್ಲಿ ಸವೆದ ಟ್ಯಾಪೆಟ್ ಒಂದನ್ನ ಕೈಯಲ್ಲಿ ಹಿಡಿದು ನೋಡಿದ್ದೆ. ನುಣ್ಣಗಿರಬೇಕಾದ ಮುಖದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗುಂಡಿ. ಕ್ಯಾಮ್‌ನ ಉಬ್ಬೂ ಹೀಗೆ ಕರಗಿದ್ರೆ ವಾಲ್ವ್ ಪೂರ್ತಿ ತೆರೆಯಲ್ಲ. ಸವೆದ ಕಬ್ಬಿಣದ ಪುಡಿ ಆಯಿಲ್ ಜೊತೆ ಎಂಜಿನ್ ತುಂಬಾ ಸುತ್ತುತ್ತೆ. ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿದೆ. ಒಳ್ಳೇ ಕ್ಯಾಮ್‌ಶಾಫ್ಟ್ ಬೇಕು ಅಂದ್ರೆ ಹುಡುಕಾಟವೇ ಗತಿ. ತಪ್ಪು ಆಯಿಲ್ ಆಯ್ಕೆಗೆ ತೆರಬೇಕಾದ ಬೆಲೆ ಇದು.

ಈಗ ಇತಿಹಾಸಕ್ಕೆ ಬರೋಣ. ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಗಾಲಿಗೆ ಹರಳೆಣ್ಣೆ ಹಾಕ್ತಿದ್ದದ್ದು ಮನೆಯ ಹಿರಿಯರಿಗೆ ನೆನಪಿರುತ್ತೆ. ಬ್ರಿಟನ್ನಿನಲ್ಲಿ 1899ರಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ಶುರುಮಾಡಿದ ಎಣ್ಣೆ ಕಂಪನಿ ಸುಮಾರು ಹತ್ತು ವರ್ಷದ ನಂತರ ಮೋಟಾರು ಎಣ್ಣೆಯೊಂದನ್ನ ತಂದಾಗ ಅದರಲ್ಲಿ ಬೆರೆಸಿದ್ದೂ ಇದೇ ಹರಳೆಣ್ಣೆ. ಇಂಗ್ಲಿಷಿನಲ್ಲಿ ಅದು ಕ್ಯಾಸ್ಟರ್ ಆಯಿಲ್, ಹಾಗಾಗಿ ಹೆಸರು ಕ್ಯಾಸ್ಟ್ರಾಲ್. ಹರಳೆಣ್ಣೆ ಲೋಹಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತೆ, ಮೊದಲ ಮಹಾಯುದ್ಧದ ವಿಮಾನಗಳೂ ಅದನ್ನ ಕುಡಿದೇ ಹಾರಿದ್ವು. ಆದ್ರೆ ಬಿಸಿಗೆ ಅದು ಗೋಂದಿನ ಹಾಗೆ ಕಟ್ಟಿಕೊಳ್ಳುತ್ತೆ. ಕಾರುಗಳ ಲೋಕ ನಿಧಾನವಾಗಿ ನೆಲದಿಂದ ತೆಗೆದ ಖನಿಜ ಎಣ್ಣೆಗೆ ಹೊರಳಿತು.

ಅಷ್ಟೊತ್ತಿಗೆ ಇನ್ನೊಂದು ತಲೆನೋವು. ಒಬ್ಬ ವ್ಯಾಪಾರಿಯ 'ದಪ್ಪ' ಆಯಿಲ್ ಇನ್ನೊಬ್ಬನಿಗೆ 'ತೆಳು'. 1911ರಲ್ಲಿ ಅಮೆರಿಕದ ಸೊಸೈಟಿ ಆಫ್ ಆಟೊಮೊಬೈಲ್ ಎಂಜಿನಿಯರ್ಸ್, ಅಂದ್ರೆ ಎಸ್‌ಎಇ, ಇದಕ್ಕೊಂದು ಅಳತೆ ತಂತು. ಇವತ್ತು ಡಬ್ಬದ ಮೇಲಿರೋ 30, 40, 50 ಅನ್ನೋ ಸಂಖ್ಯೆಗಳು ಬೆಳೆದದ್ದು ಅಲ್ಲಿಂದ. ಇದನ್ನ ಗಟ್ಟಿಯಾಗಿ ಹೇಳ್ತೀನಿ: ಆ ಸಂಖ್ಯೆ ಹೇಳೋದು ಎಷ್ಟು ದಪ್ಪ ಅಂತ ಮಾತ್ರ. ಗುಣಮಟ್ಟದ ಬಗ್ಗೆ ಅದು ಏನೂ ಹೇಳಲ್ಲ.

ಜೋನಿಬೆಲ್ಲ ನೋಡಿದ್ದೀರಲ್ಲ? ಚಳಿಗೆ ಚಮಚದಿಂದ ಇಳಿಯೋದೇ ಇಲ್ಲ, ಬಿಸಿ ಮಾಡಿದ್ರೆ ನೀರಿನ ಹಾಗೆ ಹರಿಯುತ್ತೆ. ಆಯಿಲ್ ಸ್ವಭಾವವೂ ಅದೇ. ಅದಕ್ಕೇ ಚಳಿ ದೇಶಗಳಲ್ಲಿ ಬೇಸಿಗೆಗೊಂದು ಚಳಿಗಾಲಕ್ಕೊಂದು ಆಯಿಲ್ ಬದಲಾಯಿಸ್ತಿದ್ರು. ಆಮೇಲೆ ಬಿಸಿಯಾದಾಗ ಅರಳಿಕೊಳ್ಳೋ ಉದ್ದನೆಯ ಪಾಲಿಮರ್ ಅಣುಗಳನ್ನ ಬೆರೆಸಿ, 1950ರ ದಶಕದಲ್ಲಿ ಮಲ್ಟಿಗ್ರೇಡ್ ಆಯಿಲ್‌ಗಳು ಜನಪ್ರಿಯವಾದ್ವು. ಒಂದೇ ಡಬ್ಬಕ್ಕೆ ಎರಡು ಸಂಖ್ಯೆ ಬಂದಿದ್ದು ಹೀಗೆ.

20ಡಬ್ಲ್ಯೂ-50ರಲ್ಲಿ 'ಡಬ್ಲ್ಯೂ' ಅಂದ್ರೆ ವಿಂಟರ್. 20ಡಬ್ಲ್ಯೂ ಆಯಿಲ್ ಅನ್ನು ಮೈನಸ್ 15 ಡಿಗ್ರಿಯಲ್ಲಿ, 5ಡಬ್ಲ್ಯೂ ಆಯಿಲ್ ಅನ್ನು ಮೈನಸ್ 30 ಡಿಗ್ರಿಯಲ್ಲಿ ಪರೀಕ್ಷಿಸ್ತಾರೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ! ಅಂದ್ರೆ 5ಡಬ್ಲ್ಯೂಗೆ ಕೊಡೋ ಹೆಚ್ಚಿನ ದುಡ್ಡಿನ ದೊಡ್ಡ ಪಾಲು ನಮ್ಮಲ್ಲಿಲ್ಲದ ಚಳಿಗೆ ಹೋಗುತ್ತೆ. ತೆಳು ಆಯಿಲ್ ಬೆಳಿಗ್ಗೆ ಸ್ವಲ್ಪ ಬೇಗ ಮೇಲೇರುತ್ತೆ ಅನ್ನೋದು ನಿಜ, ಇಲ್ಲ ಅನ್ನಲ್ಲ. ಆದ್ರೆ ಈ ಎಂಜಿನ್‌ಗೆ ಮುಖ್ಯವಾದದ್ದು ಎರಡನೇ ಸಂಖ್ಯೆ. 100 ಡಿಗ್ರಿ ಬಿಸಿಯಲ್ಲಿ 30ರ ಆಯಿಲ್‌ನ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗೆ ಇರುತ್ತೆ, 50ರದ್ದು 16.3ರಿಂದ 21.9. ಹಳೇ ವಿನ್ಯಾಸ, ಜೊತೆಗೆ ಇಷ್ಟು ವರ್ಷ ಓಡಿ ಸವೆದು ಅಗಲವಾದ ಸಂದುಗಳು. ಆ ಸಂದಿನಲ್ಲಿ ನಿಲ್ಲೋಕೆ ಈ ದಪ್ಪ ಬೇಕು.

ಇನ್ನೊಂದು ತಮಾಷೆ ಇದೆ. ಬಿ ಸೀರೀಸ್‌ನ ಹಳೇ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟ್‌ನ ಹಿಂಬದಿಗೆ ಈಗಿನ ಹಾಗೆ ರಬ್ಬರ್ ಸೀಲ್ ಇಲ್ಲ. ಶಾಫ್ಟ್ ಮೇಲೆ ಸ್ಕ್ರೂನಂಥ ಸುರುಳಿ ಗೆರೆ ಕೊರೆದಿರ್ತಾರೆ. ತಿರುಗುವಾಗ ಅದು ಆಯಿಲ್ ಅನ್ನು ಒಳಕ್ಕೆ ತಳ್ಳುತ್ತೆ, ಎಂಜಿನ್ ನಿಂತ ಮೇಲೆ ತಳ್ಳೋರು ಯಾರೂ ಇಲ್ಲ. ಕಾರಿನ ಕೆಳಗೆ ನಾಲ್ಕು ಹನಿ ಬಿದ್ದಿದ್ರೆ ಗಾಬರಿ ಬೇಡ, ಅದು ಹುಟ್ಟುಗುಣ. ತೆಳು ಆಯಿಲ್ ಹಾಕಿದ್ರೆ ನಾಲ್ಕು ಹನಿ ನಲವತ್ತಾಗುತ್ತೆ. ಜನ ಬೈಯೋದು ಮಾತ್ರ 'ಸಿಂಥೆಟಿಕ್ ಲೀಕ್ ಮಾಡುತ್ತೆ' ಅಂತ.

ಸಂಖ್ಯೆ ಆಯ್ತು, ಇನ್ನು ಅಕ್ಷರ. ಡಬ್ಬದ ಹಿಂಬದಿಯಲ್ಲಿ 'ಎಪಿಐ ಎಸ್‌ಎಲ್', 'ಎಪಿಐ ಎಸ್‌ಎನ್' ಅಂತೆಲ್ಲ ಇರುತ್ತೆ. ಗುಣಮಟ್ಟ ಹೇಳೋದು ಇದು. ಎಪಿಐ ಅಂದ್ರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್. 1970ರ ಆಸುಪಾಸಿನಲ್ಲಿ ಅವರು ಪೆಟ್ರೋಲ್ ಎಂಜಿನ್‌ಗಳಿಗೆ 'ಎಸ್' ಸಾಲು ಶುರುಮಾಡಿದ್ರು. ಎಸ್‌ಎ, ಎಸ್‌ಬಿ, ಎಸ್‌ಸಿ ಅಂತ ಏರ್ತಾ 1996ರಲ್ಲಿ ಎಸ್‌ಜೆ, 2001ರಲ್ಲಿ ಎಸ್‌ಎಲ್, 2004ರಲ್ಲಿ ಎಸ್‌ಎಂ, 2010ರಲ್ಲಿ ಎಸ್‌ಎನ್, 2020ರಲ್ಲಿ ಎಸ್‌ಪಿ, 2025ರಲ್ಲಿ ಎಸ್‌ಕ್ಯೂ. 'ನನ್ನದು ಹಳೇ ಕಾರು, ಹಳೇ ಅಕ್ಷರವೇ ಸಾಕು' ಅಂತ ಕೊನೆಗೆ ಇಳೀಬೇಡಿ. ಎಸ್‌ಎ ದರ್ಜೆಯಲ್ಲಿ ಯಾವ ರಾಸಾಯನಿಕವೂ ಬೆರೆತಿರಲ್ಲ, 1930ರ ನಂತರದ ಹೆಚ್ಚಿನ ಎಂಜಿನ್‌ಗಳಿಗೆ ಅದು ಸಲ್ಲದು ಅಂತ ಎಪಿಐಯೇ ಹೇಳುತ್ತೆ.

ಹಾಗಾದ್ರೆ ಅತಿ ಹೊಸ ಅಕ್ಷರವೇ ಒಳ್ಳೇದಲ್ವಾ? ಜಗಳ ಇರೋದೇ ಇಲ್ಲಿ. ಹಳೇ ಕಾರು ಪ್ರಿಯರ ಬಾಯಲ್ಲಿ ಯಾವಾಗಲೂ ಓಡಾಡೋ ಪದ 'ಝಿಂಕ್'. ಪೂರ್ತಿ ಹೆಸರು ಝಿಂಕ್ ಡೈಆಲ್ಕೈಲ್ ಡೈಥಯೋಫಾಸ್ಫೇಟ್. ಶಾಲೆಯಲ್ಲಿ ಓದಿದ ಸತು, ರಂಜಕ, ಗಂಧಕ ಮೂರೂ ಅದರಲ್ಲಿವೆ. 1940ರ ದಶಕದಲ್ಲಿ ಬಂದಾಗ ಅದರ ಕೆಲಸ ಬೇರಿಂಗ್ ತುಕ್ಕು ಹಿಡಿಯದ ಹಾಗೆ, ಆಯಿಲ್ ಕೆಡದ ಹಾಗೆ ನೋಡ್ಕೊಳ್ಳೋದು. ಸವೆತ ತಡೆಯೋದ್ರಲ್ಲೂ ಇದು ನಿಪುಣ ಅಂತ ಆಮೇಲೆ ಗೊತ್ತಾಯ್ತು. ಬಿಸಿ ಮತ್ತು ಒತ್ತಡ ಇರೋ ಕಡೆಯೇ ಒಡೆದು, ಲೋಹದ ಮೇಲೆ ಗಾಜಿನಂಥ ತೆಳು ಪದರ ಕಟ್ಟುತ್ತೆ. ಲೋಹದ ಬದಲು ಆ ಪದರ ಸವೆಯುತ್ತೆ, ಮತ್ತೆ ಹೊಸದು ಕಟ್ಟಿಕೊಳ್ಳುತ್ತೆ. ನಮ್ಮ ಕ್ಯಾಮ್, ಟ್ಯಾಪೆಟ್ ಬದುಕೋದು ಇದರ ದಯೆಯಿಂದ.

ಆಮೇಲೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಹೊಗೆಯ ವಿಷ ಇಳಿಸೋ ಈ ಸಾಧನ ಅಮೆರಿಕದಲ್ಲಿ 1975ರ ಮಾದರಿಯ ಕಾರುಗಳಿಂದ ವ್ಯಾಪಕವಾಯ್ತು. ಭಾರತದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕಡ್ಡಾಯವಾಯ್ತು. ಅದಕ್ಕೆ ಸೀಸ ಆಗಲ್ಲ, ಹಾಗಾಗಿ ಜೊತೆಗೇ ಸೀಸರಹಿತ ಪೆಟ್ರೋಲ್ ಬಂತು, 2000ದ ಫೆಬ್ರುವರಿ ಹೊತ್ತಿಗೆ ದೇಶದಲ್ಲೆಲ್ಲ ಸೀಸದ ಪೆಟ್ರೋಲ್ ನಿಂತಿತು. ಆದ್ರೆ ಕನ್ವರ್ಟರ್‌ಗೆ ರಂಜಕವೂ ಆಗಿಬರಲ್ಲ. ಎಂಜಿನ್ ಒಳಗೆ ಸ್ವಲ್ಪ ಆಯಿಲ್ ಸುಡುತ್ತೆ, ಅದರ ರಂಜಕ ಹೋಗಿ ಕನ್ವರ್ಟರ್ ಮೇಲೆ ಕೂರುತ್ತೆ. ಅದಕ್ಕೆ ಮಿತಿ ಹಾಕಿದ್ರು. ಎಸ್‌ಜೆ, ಎಸ್‌ಎಲ್ ಕಾಲದಲ್ಲಿ ಶೇ 0.10, ಎಸ್‌ಎಂನಿಂದ ಶೇ 0.08. ಹಳೇ ಕಾರಿನವರ ದೂರು ಇದೇ: 'ಹೊಸ ಕಾರಿನ ಕನ್ವರ್ಟರ್ ಉಳಿಸೋಕೆ ನಮ್ಮ ಕ್ಯಾಮ್ ಬಲಿ ಕೊಟ್ರು.'

ಈ ದೂರಲ್ಲಿ ಒಂದು ಸಣ್ಣಕ್ಷರದ ಸಾಲು ಬಿಟ್ಟುಹೋಗುತ್ತೆ. ಶೇ 0.08ರ ಮಿತಿ ಇರೋದು 5ಡಬ್ಲ್ಯೂ-30, 10ಡಬ್ಲ್ಯೂ-30ರಂಥ ತೆಳು ದರ್ಜೆಗಳಿಗೆ. ಪೆಟ್ರೋಲ್ ಎಂಜಿನ್‌ನ 20ಡಬ್ಲ್ಯೂ-50ಕ್ಕೆ ಎಸ್‌ಎನ್‌ನಲ್ಲೂ ಆ ಮೇಲ್ಮಿತಿ ಇಲ್ಲ, ಇಂತಿಷ್ಟಾದ್ರೂ ಇರಲೇಬೇಕು ಅನ್ನೋ ಕೆಳಮಿತಿ ಮಾತ್ರ. ಮೆಕ್ಯಾನಿಕ್ 'ದಪ್ಪ ಬೇಕು' ಅಂತ ಹೇಳೋ 20-50, ದಪ್ಪಕ್ಕಷ್ಟೇ ಅಲ್ಲ, ರಸಾಯನದ ಲೆಕ್ಕದಲ್ಲೂ ಈ ಎಂಜಿನ್‌ಗೆ ಹೊಂದುತ್ತೆ. ಅರ್ಧ ಕಾರಣ ಅಂದೆನಲ್ಲ, ಉಳಿದರ್ಧ ಇದು.

ಹಾಗಾಗಿ ನನ್ನ ಆಯ್ಕೆ: ನಂಬಿಕೆಯ ಬ್ರ್ಯಾಂಡ್‌ನ ಮಿನರಲ್ 20ಡಬ್ಲ್ಯೂ-50, ಎಸ್‌ಎಲ್ ಅಥವಾ ಎಸ್‌ಎನ್. ಆದಷ್ಟು ಕಾರಿಗೇ ಅಂತ ಮಾಡಿದ್ದು. ಸತು, ರಂಜಕ ಎಷ್ಟಿದೆ ಅಂತ ಕಂಪನಿಯ ಮಾಹಿತಿ ಪತ್ರದಲ್ಲಿ ಕೊಟ್ಟಿದ್ರೆ ಫೋನಲ್ಲೇ ನೋಡಬಹುದು. ಕೆಲವು ಗ್ಯಾರೇಜ್‌ಗಳಲ್ಲಿ ಡೀಸೆಲ್ ಗಾಡಿಯ 15ಡಬ್ಲ್ಯೂ-40 ಹಾಕ್ತಾರೆ. ಡಬ್ಬದ ಮೇಲೆ 'ಸಿಐ-4/ಎಸ್‌ಎಲ್' ಅಂತ ಎರಡೂ ಇದ್ರೆ ಅದು ಕೆಟ್ಟ ಆಯ್ಕೆಯೇನಲ್ಲ. ಪ್ರತ್ಯೇಕವಾಗಿ ಸಿಗೋ ಝಿಂಕ್ ಬಾಟಲಿ ಸುರಿಯೋದು ನನಗಿಷ್ಟವಿಲ್ಲ. ಮಿತಿ ಮೀರಿದ್ರೆ ಅದೂ ಲೋಹಕ್ಕೆ ಹಾನಿ ಮಾಡುತ್ತೆ.

ಇದನ್ನ ಕೇಳಿ ಅಪ್ಪನ 2006ರ ಕಾರಿಗೆ 20-50 ಸುರೀಬೇಡಿ ಮತ್ತೆ! ಅದರಲ್ಲಿ ಸಂದು ಕಡಿಮೆ, ಕನ್ವರ್ಟರ್ ಇದೆ. ಅಲ್ಲಿ ಮ್ಯಾನ್ಯುಯಲ್ ಹೇಳಿದ್ದೇ ಸರಿ. ಅಂಬಾಸಡರ್‌ನಲ್ಲೂ ನೀಲಿ ಹೊಗೆ ಬರ್ತಿದ್ರೆ ಇನ್ನೂ ದಪ್ಪ ಆಯಿಲ್ ಹಾಕಿ ಮುಚ್ಚಿಡೋದು ಬೇಡ. ಪಿಸ್ಟನ್ ರಿಂಗ್ ಸವೆದಿದ್ಯಾ, ವಾಲ್ವ್ ಗೈಡ್ ಸವೆದಿದ್ಯಾ ನೋಡಿಸಿ. ಆಯಿಲ್ ಪ್ರೆಷರ್ ಮುಳ್ಳು ಏರಿದ ಮಾತ್ರಕ್ಕೆ ಎಂಜಿನ್ ಗುಣವಾಯ್ತು ಅಂತಲ್ಲ, ಅಲ್ಲಿ ಹರಿಯೋದು ದಪ್ಪ ಅಂತಷ್ಟೇ ಅರ್ಥ.

ಕೊನೆಯದಾಗಿ, ಹಳೇ ಕಾರಿಗೆ ಕಿಲೋಮೀಟರ್ ಲೆಕ್ಕ ಮಾತ್ರ ಸಾಲದು. ಕಾರ್ಬ್ಯುರೇಟರ್ ಎಂಜಿನ್, ಚೋಕ್ ಎಳೆದು ಸ್ಟಾರ್ಟ್ ಮಾಡ್ತೀರಿ, ಸುಡದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರುತ್ತೆ. ಭಾನುವಾರ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದ್ರೆ ಒಳಗಿನ ತೇವ ಆವಿಯಾಗೋಷ್ಟು ಬಿಸಿಯೂ ಆಗಲ್ಲ. ಆಮ್ಲ ಕಟ್ಟಿಕೊಳ್ಳುತ್ತೆ. ಸಾವಿರ ಕಿಲೋಮೀಟರ್ ಓಡಿರಲಿ ಬಿಡಲಿ, ವರ್ಷಕ್ಕೊಮ್ಮೆ ಆಯಿಲ್, ಫಿಲ್ಟರ್ ಬದಲಾಯಿಸಿ. ಆ ಮಧ್ಯೆ ಡಿಪ್‌ಸ್ಟಿಕ್ ಎಳೆದಾಗ ಮೂಗಿನ ಹತ್ತಿರ ಹಿಡಿದು ನೋಡಿ. ಪೆಟ್ರೋಲ್ ವಾಸನೆ ಹೊಡೆದ್ರೆ, ಅಥವಾ ಆಯಿಲ್ ಮಟ್ಟ ಇಳಿಯೋ ಬದಲು ಏರಿದ್ರೆ, ಅವತ್ತೇ ಇಳಿಸಿ.