ವರ್ತಕನು ಲೆಕ್ಕ ಕೇಳಿದ ರಾಜ್ಯ

ಕಲಬುರಗಿಯ ಜಗತ್ ಬಡಾವಣೆಯನ್ನು ಬಿಟ್ಟು, ಕೆಂಪು ಬಾಳೆಗೆ ಹೆಸರಾದ ಕಮಲಾಪುರವನ್ನು ಹಾದು, ಹುಮನಾಬಾದಿನ ಮೇಲೆ ಬೀದರಿಗೆ ಸಾಗುವ ಹೆದ್ದಾರಿಯು ಬಹಮನಿ ಸುಲ್ತಾನರ ಎರಡು ರಾಜಧಾನಿಗಳನ್ನು ಕೂಡಿಸುತ್ತದೆ. 1347ರಲ್ಲಿ ಹುಟ್ಟಿದ ರಾಜ್ಯಕ್ಕೆ ಕಲಬುರಗಿಯು ಮುಕ್ಕಾಲು ಶತಮಾನ ಸಿಂಹಾಸನದ ಊರಾಗಿದ್ದು, ತರುವಾಯ ಆ ಗೌರವವು ಬೀದರಿಗೆ ಸಂದಿತು. ಈ ಎರಡು ಊರುಗಳ ನಡುವಣ ನೆಲದಲ್ಲಿ ಸುಲ್ತಾನರ ಕಥೆಗಳಿಗೂ ಸಂತರ ಮಹಿಮೆಗಳಿಗೂ ಕೊರತೆಯಿಲ್ಲ. ಆದರೆ ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿರುವವನು, ನಲವತ್ತು ವರ್ಷ ದಾಟಿದ ಮೇಲೆ ಕಸುಬನ್ನು ಬದಲಿಸಿ ಒಂದು ಇಡೀ ರಾಜ್ಯದ ಕೆಲಸಕಾರ್ಯಗಳನ್ನು ಪರೀಕ್ಷಿಸಲು ಹೊರಟ ವರ್ತಕನೊಬ್ಬನು. ಸಿಮೆಂಟ್ ಕಾರ್ಖಾನೆಯಲ್ಲಿಯೋ ದಾಲ್ ಮಿಲ್ಲಿನಲ್ಲಿಯೋ ಅರ್ಧ ಆಯುಷ್ಯವನ್ನು ಸವೆಸಿದವರು ನಡುವಯಸ್ಸಿನಲ್ಲಿ ಆ ನೌಕರಿಯನ್ನು ಬಿಟ್ಟು, ಅನ್ಯರ ಕೆಲಸದ ಗುಣಮಟ್ಟವನ್ನು ನೋಡಿ ಹೇಳುವ ಆಡಿಟರುಗಳೂ ಸಲಹೆಗಾರರೂ ಆಗುವುದು ನಮ್ಮ ಕಾಲದ ಹೊಸ ರೂಢಿಯೆಂದು ಅನೇಕರ ಎಣಿಕೆ. 1987ರಲ್ಲಿ ಐಎಸ್‌ಒ 9001 ಎಂಬ ಗುಣಮಟ್ಟದ ಮಾನಕವು ಪ್ರಕಟವಾದಂದಿನಿಂದ ಅಂಥವರಿಗೆ ಪ್ರಮಾಣಪತ್ರವೂ ಶುಲ್ಕವೂ ದೊರೆತಿರುವುದು ನಿಜ. ವೃತ್ತಿ ಮಾತ್ರ ಅಷ್ಟು ಹೊಸದಲ್ಲ.

ನಾನು ಹೇಳುತ್ತಿರುವ ವರ್ತಕ ಮಹಮೂದ್ ಗವಾನನು ಕ್ಯಾಸ್ಪಿಯನ್ ಸಮುದ್ರದ ತೀರದ ಗೀಲಾನ್ ಪ್ರಾಂತದವನು. ಮಂತ್ರಿಗಳ ಮನೆತನದಲ್ಲಿ ಹುಟ್ಟಿ, ಆಸ್ಥಾನದ ಒಳಸಂಚುಗಳಿಂದಾಗಿ ತಾಯ್ನಾಡನ್ನು ತೊರೆದು, ದೇಶದೇಶಗಳಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಅವನು, 1453ರಲ್ಲಿ ದಾಭೋಳ ಬಂದರಿನಲ್ಲಿ ಹಡಗನ್ನಿಳಿದು ಬೀದರಿಗೆ ಬಂದಾಗ ಅವನ ವಯಸ್ಸು ನಲವತ್ತೆರಡರ ಆಸುಪಾಸು. ಅಲ್ಲಿಯ ಸಂತ ಮುಹಿಬ್ಬುಲ್ಲಾರ ದರ್ಶನ ಪಡೆದು ದಿಲ್ಲಿಯತ್ತ ಮುಂದುವರಿಯಬೇಕೆಂಬುದು ಅವನ ಸಂಕಲ್ಪವಾಗಿತ್ತು. ಸುಲ್ತಾನ ಎರಡನೆಯ ಅಲಾಉದ್ದೀನನು ಅವನನ್ನು ತಡೆದು ನಿಲ್ಲಿಸಿಕೊಂಡು, ಸೇನೆಯನ್ನು ಕೊಟ್ಟು, ನಲಗೊಂಡದ ಕಡೆಯ ದಂಗೆಯನ್ನು ಅಡಗಿಸಲು ಕಳುಹಿಸಿದನು. ಮುಂದಿನ ಸುಲ್ತಾನ ಹುಮಾಯೂನನು ಅವನಿಗೆ ವರ್ತಕರ ಒಡೆಯನೆಂಬ ಬಿರುದನ್ನಿತ್ತನು. ಮೂರನೆಯ ಮುಹಮ್ಮದ್ ಶಾಹನ ಕಾಲಕ್ಕೆ ಅವನು ರಾಜ್ಯದ ಪ್ರಧಾನಮಂತ್ರಿ. ಗೋವೆಯನ್ನೂ ಬೆಳಗಾವಿಯನ್ನೂ ಗೆದ್ದುಕೊಟ್ಟ ಅವನ ದಂಡಯಾತ್ರೆಗಳನ್ನು ಚರಿತ್ರೆಯ ಪಠ್ಯಗಳು ಸಾಕಷ್ಟು ವರ್ಣಿಸಿರುವುದರಿಂದ ನಾನು ಆ ಗೋಜಿಗೆ ಹೋಗುವುದಿಲ್ಲ.

ವರ್ತಕನ ಕಣ್ಣು ಎಂಥದೆಂದು ತಿಳಿಯಬೇಕಾದರೆ ಇಂದಿಗೂ ಕಲಬುರಗಿಯ ಗಂಜ್ ಮಾರುಕಟ್ಟೆಗೆ ಸುಗ್ಗಿಯ ಕಾಲದಲ್ಲಿ ಹೋಗಬೇಕು. ಖರೀದಿದಾರನು ಮೊನಚಾದ ಕಬ್ಬಿಣದ ಕೊಳವೆಯನ್ನು ಚೀಲದ ಪಕ್ಕೆಗೆ ಚುಚ್ಚಿ, ಜಾರಿ ಬಂದ ತೊಗರಿಯನ್ನು ಅಂಗೈಯಲ್ಲಿ ಹರಡಿ, ಊದಿ, ಒಂದು ಕಾಳನ್ನು ಹಲ್ಲಿನಿಂದ ಕಡಿದು, ಹಸಿಯೋ ಒಣಗಿದ್ದೋ ಎಂಬುದನ್ನು ನಿರ್ಣಯಿಸುತ್ತಾನೆ. ಚೀಲದ ಬಾಯಿಯಲ್ಲಿ ಕಾಣುವ ಕಾಳನ್ನು ಅವನು ನಂಬುವುದಿಲ್ಲ. ಗವಾನನ ಕಾಲದಲ್ಲಿ ಇಂಥ ಪರೀಕ್ಷೆಗೆ ಕುದುರೆಗಳು ದೊಡ್ಡ ವಸ್ತು. ಆಗ ಬೀದರಿನಲ್ಲಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನನು ಶೇಖ್ ಅಲಾಉದ್ದೀನರ ಹೆಸರಿನಲ್ಲಿ ವರ್ಷಕ್ಕೊಮ್ಮೆ ನೆರೆಯುತ್ತಿದ್ದ ಜಾತ್ರೆಯೊಂದನ್ನು ಕಂಡು, ಅಲ್ಲಿ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂದು ಬರೆದಿದ್ದಾನೆ; ಆ ಜಾತ್ರೆಯ ಊರು ನಮ್ಮ ಆಳಂದವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದೇ ನಿಕಿತಿನನು ಸರದಾರರ ವೈಭವವನ್ನೂ ಹಳ್ಳಿಗರ ದೈನ್ಯವನ್ನೂ ಅಕ್ಕಪಕ್ಕದಲ್ಲಿಯೇ ಇಟ್ಟು ಹೇಳಿರುವುದನ್ನು ನೋಡಿದರೆ, ಮಂತ್ರಿಯ ಮುಂದಿದ್ದ ಚೀಲದ ಬಾಯಿಗೂ ತಳಕ್ಕೂ ಎಷ್ಟು ಅಂತರವಿತ್ತೆಂಬುದು ತಿಳಿಯುತ್ತದೆ.

ರಾಜ್ಯವು ಮೊದಲಿನಿಂದ ನಾಲ್ಕು ತರಫುಗಳಾಗಿ, ಎಂದರೆ ಪ್ರಾಂತಗಳಾಗಿ, ಹಂಚಿಕೆಯಾಗಿತ್ತು. ಗವಾನನ ಕಾಲಕ್ಕೆ ಎಲ್ಲೆಯು ಎರಡು ಸಮುದ್ರಗಳವರೆಗೆ ಹಬ್ಬಿ, ಒಬ್ಬೊಬ್ಬ ತರಫ್‌ದಾರನೂ ಅರಸನಿಗೆ ಸಮನಾಗಿ ಬೆಳೆದಿದ್ದನು. ಗವಾನನು ನಾಲ್ಕನ್ನು ಎಂಟು ಮಾಡಿದನು. ಕಲಬುರಗಿಯ ತರಫನ್ನು ಕಲಬುರಗಿ ಮತ್ತು ವಿಜಯಪುರವೆಂದು ಎರಡಾಗಿ ಒಡೆದನು. ಹಿಂದೆ ತನ್ನ ಪ್ರಾಂತದ ಸಮಸ್ತ ಕೋಟೆಗಳನ್ನೂ ವಶದಲ್ಲಿಟ್ಟುಕೊಂಡಿದ್ದ ತರಫ್‌ದಾರನಿಗೆ ಒಂದೇ ಕೋಟೆಯನ್ನು ಉಳಿಸಿ, ಮಿಕ್ಕವುಗಳ ಕಿಲ್ಲೇದಾರರನ್ನು ಸುಲ್ತಾನನೇ ನೇಮಿಸುವಂತೆ ಮಾಡಿದನು. ಪ್ರತಿ ಪ್ರಾಂತದಲ್ಲಿಯೂ ಕೆಲವು ಪರಗಣೆಗಳ ಆದಾಯವನ್ನು ನೇರವಾಗಿ ಬೊಕ್ಕಸಕ್ಕೆ ತಿರುಗಿಸಿದನು. ಭೂಮಿಯನ್ನು ಅಳೆಸಿ, ಹಳ್ಳಿ ಪಟ್ಟಣಗಳ ಗಡಿಗಳನ್ನು ಗೊತ್ತುಮಾಡಿಸಿ, ಕಂದಾಯದ ನಿಷ್ಕರ್ಷೆಗೆ ಆಧಾರವನ್ನು ಒದಗಿಸಿದನು. ಉತ್ತರದಲ್ಲಿ ಮೊಗಲ ಮಂತ್ರಿ ತೋಡರಮಲ್ಲನು ಇದೇ ಕೆಲಸಕ್ಕೆ ಕೈಹಾಕಿದ್ದು ಇದಾದ ಒಂದು ಶತಮಾನದ ಮೇಲೆ. ಇವೆಲ್ಲಕ್ಕಿಂತಲೂ ಸರದಾರರನ್ನು ಇರಿದದ್ದು ಸೈನ್ಯದ ಎಣಿಕೆ. ಐನೂರು ಆಳುಗಳ ನಾಯಕನ ಸಂಬಳವನ್ನು ವರ್ಷಕ್ಕೆ ಒಂದು ಲಕ್ಷ ಹೊನ್ನಿನಿಂದ ಒಂದೂಕಾಲು ಲಕ್ಷಕ್ಕೆ ಏರಿಸಿದ ಮಂತ್ರಿಯೇ, ಎಣಿಕೆಯಲ್ಲಿ ಒಬ್ಬ ಆಳು ಕಡಿಮೆಯಾದರೂ ಅವನ ಪಾಲಿನ ಹಣವನ್ನು ಬೊಕ್ಕಸಕ್ಕೆ ಹಿಂದಿರುಗಿಸಬೇಕೆಂದು ವಿಧಿಸಿದನು. ಕಾಗದದ ಮೇಲಷ್ಟೇ ಕುದುರೆ ಏರುತ್ತಿದ್ದ ಸವಾರರಿಂದ ಲಾಭ ಪಡೆಯುತ್ತಿದ್ದವರಿಗೆ ಇದು ಹೇಗೆ ಸಹ್ಯವಾದೀತು?

ಶತ್ರುಗಳು ಅವನ ಮೇಲೆ ಎರಗಿದ ಬಗೆಯು ಪರಿಶೋಧನೆಯ ಪಾಠಗಳಲ್ಲಿ ಸೇರಬೇಕಾದದ್ದು. ಸಂಚುಗಾರರು ಅವನ ಮುದ್ರೆಯನ್ನು ಕಾಯುತ್ತಿದ್ದ ಸೇವಕನ ಸ್ನೇಹ ಸಂಪಾದಿಸಿ, ಅವನಿಗೆ ಮದ್ಯವನ್ನು ಕುಡಿಸಿ, ಬರಿಯ ಕಾಗದವೊಂದರ ಮೇಲೆ ಮುದ್ರೆಯೊತ್ತಿಸಿಕೊಂಡರು; ಒಡಿಶಾದ ಗಜಪತಿಯನ್ನು ದಂಡೆತ್ತಿ ಬರಲು ಕರೆಯುವ ಪತ್ರವನ್ನು ಅದರ ಮೇಲೆ ಬರೆದರು. ಸಂಚಿನ ಹಿಂದಿದ್ದ ಸರದಾರ ಮಲಿಕ್ ಹಸನನ ಕಡೆಯವರು ಇದನ್ನು ಪಾನಮತ್ತನಾದ ಸುಲ್ತಾನನ ಮುಂದಿಟ್ಟಾಗ, ಮುದ್ರೆ ತನ್ನದು, ಬರಹ ತನ್ನದಲ್ಲವೆಂದು ಗವಾನನು ಅರಿಕೆ ಮಾಡಿದನು. ವಿಚಾರಣೆ ನಡೆಯಲಿಲ್ಲ. 1481ರ ಏಪ್ರಿಲ್ 5ರಂದು, ಕೊಂಡಪಲ್ಲಿಯ ಪಾಳೆಯದಲ್ಲಿ, ಆ ವೃದ್ಧನ ತಲೆ ಉರುಳಿತು.

ಈ ಮರಣವನ್ನು ಕೃತಘ್ನತೆಯ ಕಥೆಯಾಗಿ ಹೇಳಿ ಕಣ್ಣೀರು ಹಾಕುವುದು ಸುಲಭ. ನನಗೆ ಅಷ್ಟರಿಂದ ತೃಪ್ತಿಯಿಲ್ಲ. ಪ್ರಾಂತದ ಕೋಟೆಗಳೆಲ್ಲವನ್ನೂ ಒಬ್ಬನ ಕೈಯಲ್ಲಿ ಬಿಡಲೊಲ್ಲದ ಬುದ್ಧಿಯು ತನ್ನ ಮುದ್ರೆಯನ್ನು ಮಾತ್ರ ಒಬ್ಬನ ಕೈಯಲ್ಲಿ ಬಿಟ್ಟಿತ್ತು. ಅಷ್ಟೇ ಅಲ್ಲ, ಹೊಸದಾಗಿ ಒಡೆದ ವಿಜಯಪುರದ ತರಫನ್ನು ಅವನು ತಾನೇ ಇಟ್ಟುಕೊಂಡನು. ತಾನು ಮಾಡಿದ ಕೆಲಸವನ್ನು ತಾನೇ ಪರಿಶೋಧಿಸಬಾರದೆಂಬುದು ಇಂದಿನ ಗುಣಮಟ್ಟದ ಆಡಿಟರಿಗೆ ಮೊದಲ ದಿನವೇ ಹೇಳಿಕೊಡುವ ನಿಯಮ. ಎಂಟು ಜನ ತರಫ್‌ದಾರರಲ್ಲಿ ಒಬ್ಬನಾಗಿದ್ದುಕೊಂಡು ಉಳಿದ ಏಳು ಜನರ ಲೆಕ್ಕ ಕೇಳುವವನು ಎಷ್ಟೇ ಶುದ್ಧನಾಗಿದ್ದರೂ, ಕೇಳಿಸಿಕೊಳ್ಳುವವರ ಕಿವಿಗೆ ಪ್ರತಿಸ್ಪರ್ಧಿಯಾಗಿಯೇ ಕೇಳುತ್ತಾನೆ.

ಅವನು ಶುದ್ಧನಾಗಿದ್ದನೆಂಬುದರಲ್ಲಿ ಸಂದೇಹವಿಲ್ಲ. ಕೊಲೆಯ ನಂತರ ಅಪಾರ ಐಶ್ವರ್ಯ ಕೈಸೇರೀತೆಂದು ಸುಲ್ತಾನನು ಗವಾನನ ಭಂಡಾರಿಯನ್ನು ಕರೆಸಿದಾಗ, ಆ ಭಂಡಾರಿ ಒಪ್ಪಿಸಿದ ಲೆಕ್ಕವನ್ನು ಚರಿತ್ರಕಾರ ಫೆರಿಷ್ತಾ ದಾಖಲಿಸಿದ್ದಾನೆ: ಜಹಗೀರಿನ ಆದಾಯವು ಸೈನ್ಯಕ್ಕೂ ಬಡವರಿಗೂ ಹೋಗುತ್ತಿತ್ತು; ಮಂತ್ರಿಯ ಊಟದ ವೆಚ್ಚವು, ತಾಯ್ನಾಡಿನಿಂದ ತಂದಿದ್ದ ನಲವತ್ತು ಸಾವಿರ ಲಾರಿ ನಾಣ್ಯಗಳ ಬಂಡವಾಳದಿಂದ ನಡೆಯುತ್ತಿದ್ದ ವ್ಯಾಪಾರದ ಲಾಭದಲ್ಲಿ ಸಾಗುತ್ತಿತ್ತು. ಮಲಗಲು ಚಾಪೆ, ಅಡಿಗೆಗೆ ಮಣ್ಣಿನ ಮಡಕೆ. ಕಸುಬು ಬದಲಿಸಿದವನು ಹಳೆಯ ಕಸುಬಿನ ಬಂಡವಾಳವನ್ನು ಮುಟ್ಟದೆ ಉಳಿಸಿಕೊಂಡಿದ್ದರಿಂದಲೇ ಹೊಸದರಲ್ಲಿ ಯಾರ ಹಂಗಿಗೂ ಬೀಳಲಿಲ್ಲ. ಇಂದು ನಡುವಯಸ್ಸಿನಲ್ಲಿ ಈ ವೃತ್ತಿಗೆ ಬರುವವರು, ತಾವು ಪರೀಕ್ಷಿಸುವವನೇ ತಮಗೆ ಶುಲ್ಕ ಕೊಡುವ ವಿಚಿತ್ರ ಏರ್ಪಾಡಿನಲ್ಲಿ, ಇದನ್ನು ಆಲೋಚಿಸಬಹುದು.

ಸುಲ್ತಾನನು ವರ್ಷ ತುಂಬುವ ಮೊದಲೇ, 1482ರಲ್ಲಿ, ತೀರಿಕೊಂಡನು. 1490ರ ಹೊತ್ತಿಗೆ ಮಲಿಕ್ ಹಸನನ ಮಗನು ಜುನ್ನಾರಿನಲ್ಲಿಯೂ ಸರದಾರ ಯೂಸುಫ್ ಆದಿಲ್ ಖಾನನು ವಿಜಯಪುರದಲ್ಲಿಯೂ ಸ್ವತಂತ್ರರಾಗಿ ನಿಂತಿದ್ದರು. ಗವಾನನು ಗಡಿ ಹಾಕಿ ಪ್ರತ್ಯೇಕಿಸಿದ್ದ ಕಲಬುರಗಿಯ ತರಫು ಕೆಲಕಾಲ ಕೈಯಿಂದ ಕೈಗೆ ಜಾರಿ, ಕಡೆಗೆ ಆದಿಲಶಾಹಿ ರಾಜ್ಯದಲ್ಲಿ ಸೇರಿಹೋಯಿತು.